ಸ್ವಂತ ಹೆಸರಿನ ಕಾಫಿ ಪುಡಿ: ಯಾರ ಹತ್ತಿರ ಮಾಡಿಸಿದರೆ ವಾಸಿ?

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ನಿಮ್ಮದೇ ಹೆಸರಿನ ಫಿಲ್ಟರ್ ಕಾಫಿ ಪುಡಿ ಮಾರುವ ಯೋಚನೆಯಿದ್ದರೆ ಸರಕು ಮಾಡಿಸಿಕೊಳ್ಳಲು ಮೂರು ದಾರಿಗಳಿವೆ. ಕಾರ್ಖಾನೆಯವರ ಸಿದ್ಧ ಪುಡಿಗೆ ನಿಮ್ಮ ಲೇಬಲ್ ಹಾಕಿಸಿಕೊಳ್ಳಬಹುದು. ಹಸಿ ಬೀಜ ನೀವೇ ಕೊಂಡು ಜಾಬ್ ವರ್ಕ್‌ನವರ (ಕೂಲಿ ಪಡೆದು ಮಾಡಿಕೊಡುವವರ) ಹತ್ತಿರ ಹುರಿಸಿ, ಪುಡಿ ಮಾಡಿಸಿ, ಪ್ಯಾಕ್ ಮಾಡಿಸಬಹುದು. ಇಲ್ಲವೇ ಬೆಳೆದು ತಾವೇ ಹುರಿಯುವ ಎಸ್ಟೇಟಿನವರಿಂದ ತರಿಸಿಕೊಳ್ಳಬಹುದು. ಮೂರರಲ್ಲಿ ನಡುವಿನದೇ ವಾಸಿ. ಓಡಾಟ ಜಾಸ್ತಿ, ಲೆಕ್ಕ ಜಾಸ್ತಿ, ಆದರೂ ಅದೇ ವಾಸಿ.

ಕಾರಣ ಇಷ್ಟೇ. ಪೌಚ್ ಕತ್ತರಿಸಿ ಮೂಗಿನ ಹತ್ತಿರ ಹಿಡಿದ ಕೂಡಲೇ ಹುರಿದು ಎಷ್ಟು ದಿನವಾಯಿತು ಎನ್ನುವುದು ಗೊತ್ತಾಗುತ್ತದೆ. ಮೊದಲ ಲೋಟದಲ್ಲಿ ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಎಷ್ಟಿದೆ ಎನ್ನುವುದು ಗೊತ್ತಾಗುತ್ತದೆ. ದಕ್ಷಿಣದ ಮನೆಗಳಲ್ಲಿ ದಿನಕ್ಕೆ ಎರಡು ಸಲ ಡಿಕಾಕ್ಷನ್ ಹಾಕುವವರನ್ನು ಇವೆರಡರಲ್ಲಿ ಏಮಾರಿಸಲು ಆಗುವುದಿಲ್ಲ. ಇವೆರಡೂ ನಿಮ್ಮ ಹಿಡಿತದಲ್ಲಿಲ್ಲದಿದ್ದರೆ ಪೌಚಿನ ಮೇಲೆ ಯಾರ ಹೆಸರಿದ್ದರೂ ಸರಕು ನಿಮ್ಮದಲ್ಲ.

ಸಿದ್ಧ ಪುಡಿ: ಐದಕ್ಕೆ ಎರಡು ಅಂಕ

ಇಂಡಿಯಾಮಾರ್ಟ್‌ನಂಥ ತಾಣದಲ್ಲಿ ಪ್ರೈವೇಟ್ ಲೇಬಲ್ ಕಾಫಿ ಬೇಕು ಎಂದು ಒಂದು ವಿಚಾರಣೆ ಹಾಕಿದರೆ ಸಾಕು, ಹಲವು ಕಡೆಯಿಂದ ಕರೆ ಬರುತ್ತವೆ. ಎಲ್ಲರ ದರಪಟ್ಟಿಯೂ ಒಂದೇ ಥರ: 60:40, 70:30, 80:20, ಪ್ಯೂರ್. ಅನುಕೂಲಗಳು ನಿಜವಾದವೇ. ಕಡಿಮೆ ಬಂಡವಾಳ ಸಾಕು, ಯಂತ್ರಗಳ ಚಿಂತೆಯಿಲ್ಲ, ಲೇಬಲ್ ಫೈಲ್ ಕಳಿಸಿದರೆ ಕೆಲವೇ ದಿನಗಳಲ್ಲಿ ಪೌಚ್ ಕೈಗೆ ಬರುತ್ತದೆ.

ತೊಂದರೆ ಎಲ್ಲಿ ಶುರುವಾಗುತ್ತದೆ ಅಂದರೆ, 80:20 ಎಂದಾಗ ಇಪ್ಪತ್ತು ಭಾಗ ಚಿಕೋರಿ ಎನ್ನುವುದು ತಿಳಿಯುತ್ತದೆ, ಉಳಿದ ಎಂಬತ್ತು ಭಾಗ ಯಾವ ಕಾಫಿ ಎನ್ನುವುದು ತಿಳಿಯುವುದಿಲ್ಲ. ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ವ್ಯಾಪಾರದಲ್ಲಿ ಪ್ಲಾಂಟೇಶನ್ ಎನ್ನುತ್ತಾರೆ, ತೊಳೆದ ರೊಬಸ್ಟಾಕ್ಕೆ ಪಾರ್ಚ್‌ಮೆಂಟ್, ಹಣ್ಣಿನ ಸಮೇತ ಒಣಗಿಸಿದ್ದು ಎರಡರಲ್ಲೂ ಚೆರ್ರಿ. ಕಾಯಿಯೊಳಗೆ ಎರಡರ ಬದಲು ಒಂದೇ ದುಂಡು ಬೀಜ ಕಟ್ಟಿದ್ದರೆ ಅದು ಪೀಬೆರಿ. ದಪ್ಪ ಬೀಜದ ಗ್ರೇಡಾದ ಪ್ಲಾಂಟೇಶನ್ ಎ ಮತ್ತು ಪೀಬೆರಿ ಬೆರೆಸಿದ 80:20 ಬೇರೆ, ಗ್ರೇಡೇ ಮಾಡದ ರೊಬಸ್ಟಾ ಚೆರ್ರಿಯ 80:20 ಬೇರೆ. ದರಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಆದ್ದರಿಂದ ಬೀಜದ ಹೆಸರು ಮತ್ತು ಪ್ರತಿಯೊಂದರ ಪಾಲು ಶೇಕಡಾವಾರು ಬರೆದುಕೊಡಿ ಎಂದು ಕೇಳಿ. ಕೊಡಲು ಹಿಂಜರಿಯುವವರನ್ನು ಅಲ್ಲೇ ಬಿಡಿ.

ಎರಡನೆಯದು ದಿನಾಂಕ. ಲೇಬಲ್ ಮೇಲೆ ಬೀಳುವುದು ಪ್ಯಾಕ್ ಮಾಡಿದ ದಿನ, ಹುರಿದ ದಿನವಲ್ಲ. ಪುಡಿ ದೊಡ್ಡ ಚೀಲದಲ್ಲಿ ವಾರಗಟ್ಟಲೆ ಕೂತಿದ್ದು ನಿಮ್ಮ ಆರ್ಡರ್ ಬಂದ ದಿನ ಪೌಚಿಗೆ ಇಳಿದರೂ ಕಾಗದದ ಮೇಲೆ ಅದು ಹೊಸ ಸರಕೇ. ಹುರಿದ ದಿನವನ್ನು ಬ್ಯಾಚ್ ನಂಬರಿನಲ್ಲೇ ಸೇರಿಸಲು ಒಪ್ಪುವ ಕಾರ್ಖಾನೆ ಸಿಕ್ಕರೆ ನಮ್ಮ ಎರಡು ಅಂಕವನ್ನು ಮೂರು ಮಾಡಿಕೊಳ್ಳಿ.

ಸ್ಯಾಂಪಲ್ ಬಂದಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಅಲುಗಾಡದಂತೆ ಇಟ್ಟು, ಮೇಲಿನಿಂದ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿಯ ಕಣ ಎಣ್ಣೆಯಂಶದಿಂದಾಗಿ ಸ್ವಲ್ಪ ಹೊತ್ತು ಮೇಲೇ ತೇಲುತ್ತದೆ. ಚಿಕೋರಿ ಕೂಡಲೇ ಮುಳುಗತೊಡಗಿ, ಕೆಳಗಿಳಿಯುವಾಗ ಕಂದು ಬಣ್ಣದ ಎಳೆ ಬಿಡುತ್ತದೆ. ಪ್ಯೂರ್ ಎಂದು ಕೊಟ್ಟ ಪುಡಿಯಿಂದ ಆ ಎಳೆಗಳು ಇಳಿದರೆ ಮುಂದೆ ಮಾತಾಡುವ ಅಗತ್ಯವಿಲ್ಲ. ಈ ಪರೀಕ್ಷೆ ಚಿಕೋರಿ ಇದೆಯೋ ಇಲ್ಲವೋ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು ಎನ್ನುವುದು ಕಾನೂನು. ಮಿಶ್ರಣದ ಕೆಫೀನ್ ಕನಿಷ್ಠ ಶೇ. 0.6, ತೇವಾಂಶ ಹೆಚ್ಚೆಂದರೆ ಶೇ. 5. ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಈ ಎರಡನ್ನೇ ಬರೆದು ಕಳಿಸಿದರೂ ಪೂರೈಕೆದಾರನ ಮಾತು ಎಷ್ಟು ದಿಟ ಎಂದು ತಿಳಿಯುತ್ತದೆ.

ಇನ್ನೊಂದು ಮಾತು. ನಿಮಗೆ ಕೊಟ್ಟ ಪುಡಿಯನ್ನೇ ಅವರು ಇನ್ನೂ ಹತ್ತು ಹೆಸರಿಗೆ ಕೊಡುತ್ತಿರುತ್ತಾರೆ. ಒಳಗಿನ ಸರಕು ಒಂದೇ ಆದಾಗ ಗೆಲ್ಲಲು ದರ ಇಳಿಸುವುದು ಬಿಟ್ಟರೆ ದಾರಿಯಿಲ್ಲ. ಮಾರುಕಟ್ಟೆ ಹೇಗಿದೆ ನೋಡೋಣ ಎಂದು ಐವತ್ತು ಪೌಚ್ ಇಳಿಸುವುದಕ್ಕೆ ಈ ದಾರಿ ಸರಿ, ಅದಕ್ಕಿಂತ ಮುಂದೆ ಬೇಡ.

ಜಾಬ್ ವರ್ಕ್: ಐದಕ್ಕೆ ನಾಲ್ಕು

ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನದ ಕ್ಯೂರಿಂಗ್ ವರ್ಕ್ಸ್‌ಗಳಿಂದ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಗಳು) ಗ್ರೇಡ್ ಮಾಡಿದ ಬೀಜ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಹುರಿದು ಕೊಡುವವರು ಬೆಂಗಳೂರಿನಲ್ಲೂ ಇದ್ದಾರೆ, ಬೆಳೆಯುವ ಜಿಲ್ಲೆಗಳಲ್ಲೂ ಇದ್ದಾರೆ. ಈ ಅನುಕೂಲ ದೇಶದ ಬೇರೆ ಕಡೆಯ ಮಾರಾಟಗಾರರಿಗೆ ಅಷ್ಟು ಸುಲಭವಲ್ಲ.

ಬೀಜ ಕೊಳ್ಳುವಾಗ ತೇವಾಂಶ ಕೇಳಿ. ತೊಳೆದ ಬೀಜಕ್ಕೆ (ಪ್ಲಾಂಟೇಶನ್, ಪಾರ್ಚ್‌ಮೆಂಟ್ ಎರಡಕ್ಕೂ) ಶೇ. 10, ಅರೇಬಿಕಾ ಚೆರ್ರಿಗೆ 10.5, ರೊಬಸ್ಟಾ ಚೆರ್ರಿಗೆ 11 ಎಂಬುದು ಕಾಫಿ ಮಂಡಳಿಯ ಅಳತೆ. ಅದಕ್ಕಿಂತ ಹೆಚ್ಚಿದ್ದರೆ ನೀರಿಗೆ ಬೀಜದ ಬೆಲೆ ಕೊಟ್ಟಂತೆ, ಜೊತೆಗೆ ಬೂಷ್ಟಿನ ಭಯ. ಸ್ಯಾಂಪಲನ್ನು ಬಿಳಿ ಕಾಗದದ ಮೇಲೆ ಹರಡಿ ಕಪ್ಪು ಬೀಜ, ಮುರುಕು, ಕಾಯಿಕೊರಕ ಹುಳು ತೂತು ಮಾಡಿದ ಬೀಜ ಆರಿಸಿ ತೂಗಿ. ಚೀಲ ಬಂದ ಮೇಲೆ ಅದೇ ರೀತಿ ಇನ್ನೊಮ್ಮೆ ತೂಗಿ ನೋಡಿದರೆ ಸ್ಯಾಂಪಲಿಗೂ ಸರಕಿಗೂ ಎಷ್ಟು ವ್ಯತ್ಯಾಸ ಎಂದು ಗೊತ್ತಾಗುತ್ತದೆ.

ಇನ್ನು ಹುರಿಯುವುದು. ಹೊಸಬರ ಲೆಕ್ಕ ತಪ್ಪುವುದೇ ಇಲ್ಲಿ. ಹುರಿದ ಬೀಜ ತೂಕ ಕಳೆದುಕೊಳ್ಳುತ್ತದೆ. ಫಿಲ್ಟರ್ ಕಾಫಿಗೆ ಒಗ್ಗುವ ನಡುವಿನ ಹದಕ್ಕೆ ನೂರು ಕೆಜಿಯಲ್ಲಿ 15ರಿಂದ 18 ಕೆಜಿ ಹೋಗುತ್ತದೆ. ನೀವು ಒಪ್ಪಿದ ಬಣ್ಣಕ್ಕೆ 16 ಹೋಗಬೇಕಾದಲ್ಲಿ 21 ಹೋಗಿದ್ದರೆ ಒಂದೋ ಬೀಜ ಕರಿಕಾಗಿದೆ, ಇಲ್ಲ ತೂಕ ಎಲ್ಲೋ ಸೋರಿದೆ. 12 ಮಾತ್ರ ಹೋಗಿದ್ದರೆ ಸರಿಯಾಗಿ ಹುರಿದಿಲ್ಲ, ಡಿಕಾಕ್ಷನ್ ಹುಳಿ ಹೊಡೆಯುತ್ತದೆ. ಒಳಗೆ ಹೋದ ತೂಕ, ಹೊರಗೆ ಬಂದ ತೂಕ ಎರಡನ್ನೂ ಬ್ಯಾಚುವಾರು ಬರೆದುಕೊಡುವುದು ಒಳ್ಳೆಯ ಜಾಬ್ ವರ್ಕರನ ಮೊದಲ ಗುರುತು.

ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡಿ. ಬೀಜದ ದರ ದಿನದಿನಕ್ಕೆ ಬದಲಾಗುತ್ತದೆ, ಕೆಜಿಗೆ 500 ರೂಪಾಯಿ ಎಂದು ಇಟ್ಟುಕೊಳ್ಳೋಣ. ನೂರು ಕೆಜಿಗೆ 50,000. ಹುರಿದಾಗ 84 ಕೆಜಿ ಉಳಿಯುತ್ತದೆ, ಗ್ರೈಂಡರಿನಲ್ಲಿ ಒಂದು ಕೆಜಿ ಹೋಗಿ 83. ಅಂದರೆ ಕೆಲಸದ ಕೂಲಿ ಸೇರಿಸುವ ಮೊದಲೇ ಪುಡಿಯ ಅಸಲು ಕೆಜಿಗೆ 602 ರೂಪಾಯಿ. ಹಸಿ ಬೀಜದ ದರದ ಮೇಲೆ ಎಂಆರ್‌ಪಿ ಕಟ್ಟಿದವರು ಕೆಜಿಗೆ ನೂರು ರೂಪಾಯಿ ಕೈಯಿಂದ ಹಾಕಿರುತ್ತಾರೆ. ಕೂಲಿ ಹಸಿ ಬೀಜದ ಕೆಜಿಗೆ 30 ಎಂದು ಹಿಡಿದರೆ 638 ದಾಟುತ್ತದೆ. ಕೆಜಿಗೆ 150ರ ಚಿಕೋರಿ ಸೇರಿಸಿ 80:20 ಮಾಡಿದರೆ ಮಿಶ್ರಣದ ಅಸಲು ಸುಮಾರು 541. ಒಟ್ಟು ಮಿಶ್ರಣ 103 ಕೆಜಿ ಚಿಲ್ಲರೆ. 400 ಗ್ರಾಂ ಪೌಚಿಗೆ 216 ರೂಪಾಯಿ, ಪೌಚು-ಲೇಬಲ್ಲಿಗೆ 12, ರಟ್ಟಿನ ಪೆಟ್ಟಿಗೆಗೆ 10 ಸೇರಿಸಿದರೆ 238. ತಾಣದ ಕಮಿಷನ್, ಸಾಗಣೆ, ಜಾಹೀರಾತು ಇದರ ಮೇಲೆ.

ಹುರಿಯುವ ಡ್ರಮ್ಮಿನ ಗಾತ್ರವನ್ನೂ ಕೇಳಬೇಕು. 30 ಕೆಜಿ ಡ್ರಮ್ಮಿಗೆ 8 ಕೆಜಿ ಹಾಕಿದರೆ ಬೀಜ ಸಮನಾಗಿ ಹುರಿಯುವುದಿಲ್ಲ, ಮೇಲೆ ಸುಟ್ಟು ಒಳಗೆ ಹಸಿ ಉಳಿಯಬಹುದು. ನಿಮ್ಮದು ಚಿಕ್ಕ ಆರ್ಡರ್ ಆದರೆ 5 ಅಥವಾ 10 ಕೆಜಿ ಡ್ರಮ್ ಇರುವವರನ್ನೇ ಹುಡುಕಿ. ದಿನದ ಮೊದಲ ಬ್ಯಾಚ್ ನಿಮ್ಮದಾಗದಂತೆ ನೋಡಿಕೊಳ್ಳಿ. ಡ್ರಮ್ ಪೂರ್ತಿ ಕಾದಿರುವುದಿಲ್ಲವಾದ್ದರಿಂದ ಬಣ್ಣ ಹೆಚ್ಚುಕಮ್ಮಿಯಾಗುತ್ತದೆ. ಒಪ್ಪಿದ ಬ್ಯಾಚಿನಿಂದ ನೂರು ಗ್ರಾಂ ಹುರಿದ ಬೀಜ, ನೂರು ಗ್ರಾಂ ಪುಡಿ ಎರಡು ಗಾಜಿನ ಶೀಶೆಯಲ್ಲಿಟ್ಟು ಒಂದು ಜೊತೆ ಅವರ ಹತ್ತಿರ, ಒಂದು ಜೊತೆ ನಿಮ್ಮ ಹತ್ತಿರ ಇರಲಿ. ಮುಂದಿನ ಬ್ಯಾಚಿನ ಬಣ್ಣದ ಜಗಳ ಶೀಶೆಯ ಪಕ್ಕದಲ್ಲಿಟ್ಟು ನೋಡಿದರೆ ಮುಗಿಯುತ್ತದೆ. ವಾಸನೆಗೆ ಮಾತ್ರ ಹಳೆಯ ಶೀಶೆ ಪ್ರಮಾಣವಲ್ಲ.

ಗ್ರೈಂಡರಿನ ವಿಷಯ ಯಾರೂ ತಾವಾಗಿ ಹೇಳುವುದಿಲ್ಲ. ನಿಮಗಿಂತ ಮುಂಚೆ ಅದರಲ್ಲಿ ಇನ್ನೊಬ್ಬರ ಚಿಕೋರಿ ಮಿಶ್ರಣ ಹೋಗಿದ್ದರೆ ಪ್ಲೇಟುಗಳ ಸಂದಿಯಲ್ಲಿ, ಇಳಿಯುವ ಕೊಳವೆಯಲ್ಲಿ ಅದು ಉಳಿದಿರುತ್ತದೆ. ನಿಮ್ಮದು ಚಿಕೋರಿ ಇಲ್ಲದ ಪುಡಿ ಎಂದು ಲೇಬಲ್ ಹೇಳುತ್ತಿದ್ದರೆ ಮೊದಲ ಪೌಚುಗಳಲ್ಲೇ ಸುಳ್ಳು ಸೇರಿಬಿಡುತ್ತದೆ. ನಿಮ್ಮ ಹುರಿದ ಬೀಜದಲ್ಲೇ ಒಂದು ಕೆಜಿ ಹಾಕಿ ಬಿಟ್ಟು, ಆ ಪುಡಿಯನ್ನು ಬೇರೆ ತೆಗೆದಿಟ್ಟು ಆಮೇಲೆ ಶುರುಮಾಡಿ ಎಂದು ಮೊದಲೇ ಬರೆಸಿಕೊಳ್ಳಿ. ಮೇಲಿನ ಲೆಕ್ಕದ 84ರಲ್ಲಿ ಒಂದು ಕೆಜಿ ಕಳೆದದ್ದು ಇದಕ್ಕೇ.

ಪುಡಿಯ ಹದಕ್ಕೆ ಮನೆಯ ಸ್ಟೀಲ್ ಫಿಲ್ಟರಿಗಿಂತ ಒಳ್ಳೆಯ ಯಂತ್ರವಿಲ್ಲ. 20 ಗ್ರಾಂ ಪುಡಿ, ಮೇಲೆ ಹಗುರವಾಗಿ ಒತ್ತುಬಟ್ಟಲು, 100 ಮಿಲಿ ಕುದಿನೀರು. ಹತ್ತರಿಂದ ಹದಿನೈದು ನಿಮಿಷದಲ್ಲಿ ಇಳಿದರೆ ಹದ ಸರಿ. ಐದು ನಿಮಿಷಕ್ಕೇ ಸುರಿದುಹೋದರೆ ದಪ್ಪ, ಅರ್ಧ ಗಂಟೆಯಾದರೂ ಮೇಲೆ ನೀರು ನಿಂತಿದ್ದರೆ ಅತಿ ನುಣುಪು. ಚಿಕೋರಿ ಹೆಚ್ಚಾದಷ್ಟೂ ನೀರು ಹಿಡಿದುಕೊಂಡು ನಿಧಾನವಾಗುತ್ತದೆ. ಹಾಗಾಗಿ ಪ್ಯೂರ್ ಪುಡಿಗೆ ಒಪ್ಪಿದ ಹದವನ್ನೇ 60:40ಕ್ಕೆ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಎರಡು ಮಿಶ್ರಣ ಮಾರುವುದಾದರೆ ಎರಡಕ್ಕೂ ಬೇರೆ ಬೇರೆ ಹದ ಗೊತ್ತುಮಾಡಿಸಿ.

ಹುರಿದ ಕಾಫಿ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಹುರಿದು ಬಿಸಿ ಆರುವುದರೊಳಗೆ ಪುಡಿ ಮಾಡಿ ಸೀಲ್ ಹಾಕಿದರೆ ಪೌಚ್ ಊದಿಕೊಂಡು, ಲಾರಿಯಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬಿದ್ದಾಗ ಸೀಲಿನಲ್ಲೇ ಬಿರಿಯುತ್ತದೆ. ಅದಕ್ಕೆ ಹೆದರಿ ಎರಡು ದಿನ ತೆರೆದಿಟ್ಟರೆ ಗ್ಯಾಸಿನ ಜೊತೆ ಘಮವೂ ಹೋಗುತ್ತದೆ. ಬೀಜವಾಗಿಯೇ ಒಂದು ರಾತ್ರಿ ಮುಚ್ಚಿಟ್ಟು, ಮರುದಿನ ಪುಡಿ ಮಾಡಿ, ಮುಚ್ಚಳದ ಡ್ರಮ್ಮಿನಲ್ಲಿ ಕೆಲವು ಗಂಟೆ ಬಿಟ್ಟು, ಆಮೇಲೆ ವಾಲ್ವ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಬಿಲ್ಲೆ) ಇರುವ ಪೌಚಿಗೆ ಇಳಿಸುವುದು ಸರಿಯಾದ ಕ್ರಮ. ವಾಲ್ವಿನ ಒಳಬದಿಗೆ ಫಿಲ್ಟರ್ ಕಾಗದ ಇರಬೇಕು, ಇಲ್ಲದಿದ್ದರೆ ನುಣುಪು ಪುಡಿ ಅದನ್ನು ಮುಚ್ಚಿಬಿಡುತ್ತದೆ. ಅಂದದ ಸ್ಟಿಕ್ಕರನ್ನು ವಾಲ್ವಿನ ಮೇಲೇ ಅಂಟಿಸಿದ ಪೌಚುಗಳು ಮಾರುಕಟ್ಟೆಯಲ್ಲಿ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಲೇಬಲ್ ವಿನ್ಯಾಸ ಮಾಡುವವರಿಗೆ ವಾಲ್ವ್ ಎಲ್ಲಿದೆ ಎಂದು ಅಳತೆ ಸಮೇತ ತಿಳಿಸಿ.

ಸೀಲ್ ಪರೀಕ್ಷೆಗೆ ಒಂದು ಬಕೆಟ್ ನೀರು ಸಾಕು. ಪ್ರತಿ ಬ್ಯಾಚಿನಲ್ಲೂ ನಾಲ್ಕೈದು ಪೌಚ್ ತೆಗೆದು, ವಾಲ್ವನ್ನು ಹೆಬ್ಬೆರಳಿನಿಂದ ಅದುಮಿ ನೀರೊಳಗೆ ಮುಳುಗಿಸಿ ಒತ್ತಿ. ಬಾಯಿಯ ಸೀಲಿನಿಂದ ಗುಳ್ಳೆ ಎದ್ದರೆ ಅಲ್ಲಿ ಪುಡಿ ಸಿಕ್ಕಿಕೊಂಡಿದೆ ಎಂದರ್ಥ. ತುಂಬುವ ಕೊಳವೆ ಪೌಚಿನ ಬಾಯಿಗೆ ತಾಗುತ್ತಿರುತ್ತದೆ, ಅಥವಾ ಸೀಲಿಗೆ ಮುಂಚೆ ಒಳಅಂಚು ಒರೆಸುತ್ತಿಲ್ಲ. ಯಂತ್ರದ ಬಿಸಿ ಏರಿಸುವುದರಿಂದ ಈ ದೋಷ ಹೋಗುವುದಿಲ್ಲ.

ಪೂರ್ತಿ ಐದು ಅಂಕ ಏಕಿಲ್ಲ ಅಂದರೆ, ಸಣ್ಣ ಆರ್ಡರಿನವರಿಗೆ ಇಲ್ಲಿ ಸರದಿ ಸಿಗುವುದು ಕಷ್ಟ. ಹಬ್ಬದ ಹಿಂದಿನ ವಾರಗಳಲ್ಲಿ ನಿಮ್ಮ ನೂರು ಕೆಜಿ ದೊಡ್ಡ ಗಿರಾಕಿಯ ಟನ್ನಿನ ಹಿಂದೆ ನಿಲ್ಲುತ್ತದೆ. ಆ ವಾರಗಳಿಗೆ ಬೇಕಾದದ್ದನ್ನು ತಿಂಗಳ ಮೊದಲೇ ದಿನ ಗೊತ್ತುಮಾಡಿ, ಮುಂಗಡ ಕೊಟ್ಟು ಹಿಡಿದಿಡಬೇಕು.

ಎಸ್ಟೇಟಿನಿಂದ: ಐದಕ್ಕೆ ಮೂರು

ಒಂದೇ ತೋಟದ ಬೀಜ, ಎದುರಿಗೇ ಹುರಿದದ್ದು, ಹೇಳಿಕೊಳ್ಳಲು ಒಳ್ಳೆಯ ಹಿನ್ನೆಲೆ. ಆದರೆ ತೋಟದಲ್ಲಿ ಏನು ಬೆಳೆದಿದೆಯೋ ಅದೇ ಸಿಗುವುದು. ರೊಬಸ್ಟಾ ತೋಟದವರಿಂದ ಪೀಬೆರಿ ಪ್ಲಾಂಟೇಶನ್ ಮಿಶ್ರಣ ನಿರೀಕ್ಷಿಸಲಾಗದು. ಆಷಾಢದ ಮಲೆನಾಡಿನಲ್ಲಿ ಪುಡಿ ಮಾಡಿಸುವುದಂತೂ ಕಷ್ಟ. ಗಾಳಿಯಲ್ಲೇ ನೀರಿರುತ್ತದೆ, ಚಿಕೋರಿ ಅದನ್ನು ಹೀರಿ ಗಂಟು ಕಟ್ಟುತ್ತದೆ, ತೇವಾಂಶ ಶೇ. 5ರ ಮಿತಿ ದಾಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಅವರಿಂದ ಬೀಜವಾಗಿಯೇ ತರಿಸಿ ಬಯಲುಸೀಮೆಯಲ್ಲಿ ಪುಡಿ ಮಾಡಿಸಿ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೊಬಸ್ಟಾ, ಅರಕು ಕಣಿವೆ ಅರೇಬಿಕಾ ಇವಕ್ಕೆ 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಈ ಹೆಸರುಗಳನ್ನು ಪೌಚಿನ ಮೇಲೆ ದೊಡ್ಡದಾಗಿ ಹಾಕಿಕೊಳ್ಳಬೇಡಿ.

ಅರ್ಧ ಕೆಜಿ ಪೌಚ್ ಏಕೆ ಬೇಡ

ಮಾರಾಟ ತಾಣಗಳ ಸಾಗಣೆ ದರ ಒಂದು ಕೆಜಿಯೊಳಗೆ 500 ಗ್ರಾಂನ ಮೆಟ್ಟಿಲುಗಳಲ್ಲಿ ಏರುತ್ತದೆ. 500 ಗ್ರಾಂ ಪುಡಿಗೆ ಪೌಚು 15 ಗ್ರಾಂ, ಪೆಟ್ಟಿಗೆ 60 ಗ್ರಾಂ ಸೇರಿದರೆ 575. ಎಪ್ಪತ್ತೈದು ಗ್ರಾಂಗೆ ಇಡೀ ಒಂದು ಮೆಟ್ಟಿಲು ಮೇಲಕ್ಕೆ. 400 ಗ್ರಾಂ ಆದರೆ ಎಲ್ಲ ಸೇರಿ 475, ಮೊದಲ ಮೆಟ್ಟಿಲಿನಲ್ಲೇ ನಿಲ್ಲುತ್ತದೆ. ಕಾಫಿಯನ್ನು ಇಂತಿಷ್ಟೇ ಗ್ರಾಂನ ಪ್ಯಾಕಿನಲ್ಲಿ ಮಾರಬೇಕೆಂಬ ಹಳೆಯ ಪಟ್ಟಿ 2022ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಹೋಗಿದೆ, ಬದಲಿಗೆ ಗ್ರಾಂ ಅಥವಾ ಕೆಜಿ ಲೆಕ್ಕದ ದರವನ್ನು ಎಂಆರ್‌ಪಿ ಜೊತೆ ನಮೂದಿಸಬೇಕು.

ಪೆಟ್ಟಿಗೆಯ ಅಳತೆಗೂ ಹಣ ಹೋಗುತ್ತದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದ್ದು ಗಾತ್ರದ ತೂಕ. ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಹೆಚ್ಚಿನದಕ್ಕೆ ದರ. 18×12×7ರ ಪೆಟ್ಟಿಗೆ 0.3 ಕೆಜಿ, ತೊಂದರೆಯಿಲ್ಲ. ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು 25×20×12 ತಂದರೆ ಅದೇ 400 ಗ್ರಾಂ ಪುಡಿಗೆ 1.2 ಕೆಜಿಯ ಬಾಡಿಗೆ.

ಕಾಗದಪತ್ರ

ಬೇರೆಯವರು ಮಾಡಿಕೊಟ್ಟರೂ ನಿಮ್ಮ ಹೆಸರಿನಲ್ಲಿ ಮಾರುವಾಗ ನಿಮ್ಮದೇ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಬೇಕು. ಪೌಚಿನ ಮೇಲೆ ನಿಮ್ಮ 14 ಅಂಕಿಯ ನಂಬರ್, ತಯಾರಿಸಿದವರ ವಿಳಾಸ ಮತ್ತು ಅವರ ನಂಬರ್ ಎರಡೂ ಬರಬೇಕು. ಚಿಕೋರಿ ಬೆರೆಸಿದ್ದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಶೇಕಡಾವಾರು ಬರೆಯುವುದು ಕಡ್ಡಾಯ. ಬೇರೆ ರಾಜ್ಯಕ್ಕೂ ಕಳಿಸುವುದಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ ಜಿಎಸ್‌ಟಿ ನೋಂದಣಿ ಬೇಕು. ಹುರಿಯದ ಬೀಜಕ್ಕೆ ತೆರಿಗೆಯಿಲ್ಲ, ಹುರಿದ ಕಾಫಿಗೆ ಶೇ. 5, ಹುರಿದು ಕೊಟ್ಟ ಕೂಲಿಗೂ ಶೇ. 5. ತಾಣದವರು ಮಾರಾಟದ ಮೊತ್ತದಲ್ಲಿ ಜಿಎಸ್‌ಟಿಗೆಂದು ಶೇ. 0.5, ಆದಾಯ ತೆರಿಗೆಗೆಂದು ಶೇ. 0.1 ಹಿಡಿದುಕೊಂಡು ಕೊಡುತ್ತಾರೆ. ಅದು ಖರ್ಚಲ್ಲ, ವಾಪಸ್ ಪಡೆಯಬೇಕಾದ ಹಣ. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸುವಾಗ ಕಾಫಿ 30ನೇ ವರ್ಗದಲ್ಲಿ ಬರುತ್ತದೆ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಶುಲ್ಕ 4,500 ರೂಪಾಯಿ. ಮೂರು ಬಣ್ಣದ ಪೌಚ್ ಅಚ್ಚು ಹಾಕಿಸುವ ಮುಂಚೆ ಇದನ್ನು ಮಾಡಿ. ಮೊದಲ ಎರಡು ಬ್ಯಾಚಿಗೆ ಫಾಯಿಲ್ ಪದರವಿರುವ ಸಾದಾ ಪೌಚು, ಮೇಲೊಂದು ಸ್ಟಿಕ್ಕರ್ ಸಾಕು.

ಒಂದು ಸ್ಟಾರ್ ಕೊಟ್ಟವರ ಮಾತನ್ನು ಓದುವ ರೀತಿಯೂ ಇದೆ. ಘಮವೇ ಇಲ್ಲ ಎಂದರೆ ಹುರಿದ ದಿನ ನೋಡಿ. ಡಿಕಾಕ್ಷನ್ ಗಟ್ಟಿಯಿದೆ, ರುಚಿಯಿಲ್ಲ ಎಂದರೆ ಚಿಕೋರಿ ಹೆಚ್ಚಾಗಿದೆ. ಇಳಿಯುವುದೇ ಇಲ್ಲ ಎಂದರೆ ಗ್ರೈಂಡರಿನ ಪ್ಲೇಟು. ಪುಡಿ ಗಂಟುಗಂಟಾಗಿತ್ತು ಎಂದರೆ ಸೀಲ್ ಅಥವಾ ಮಳೆಗಾಲ. ಆರ್ಡರ್ ನಂಬರಿನಿಂದ ಬ್ಯಾಚ್ ಹುಡುಕಲು ಸಾಧ್ಯವಿದ್ದರೆ ಮಾತ್ರ ಇದರಿಂದ ಪ್ರಯೋಜನ.

ಎಷ್ಟು ಮಾಡಿಸಬೇಕು ಎನ್ನುವುದಕ್ಕೆ ಬಾಳಿಕೆಯ ಲೆಕ್ಕ ಹಿಡಿಯಿರಿ. ಗ್ರಾಹಕರ ಕೈಸೇರುವ ಹೊತ್ತಿಗೆ ಆಹಾರ ಪದಾರ್ಥಕ್ಕೆ ಕನಿಷ್ಠ ಶೇ. 30 ಬಾಳಿಕೆ ಅಥವಾ 45 ದಿನ ಉಳಿದಿರಬೇಕು ಎಂದು ಎಫ್‌ಎಸ್‌ಎಸ್‌ಎಐ 2024ರಲ್ಲಿ ಆನ್‌ಲೈನ್ ತಾಣಗಳಿಗೆ ಹೇಳಿದೆ. ನಾಲ್ಕು ತಿಂಗಳ ಬಾಳಿಕೆ ಬರೆದರೆ ಮಾರಲು ನಿಜವಾಗಿ ಸಿಗುವುದು ಎರಡೂವರೆ ತಿಂಗಳು. ಮೇಲಿನ ನೂರು ಕೆಜಿ ಬೀಜದ ಬ್ಯಾಚಿನಿಂದ 400 ಗ್ರಾಂನ 259 ಪೌಚ್ ಬರುತ್ತವೆ, ಸೀಲ್ ಕೆಟ್ಟದ್ದು, ಸ್ಯಾಂಪಲಿಗೆ ಹೋದದ್ದು ತೆಗೆದು 250 ಎನ್ನಿ. ದಿನಕ್ಕೆ ಮೂರೂವರೆಯಂತೆ ಹೋಗದಿದ್ದರೆ ಕೊನೆಯ ಪೌಚುಗಳು ಉಳಿಯುತ್ತವೆ. ಅಷ್ಟು ಮಾರಾಟ ಇನ್ನೂ ಕಾಣದವರು ಬೀಜ ಎರಡು ಚೀಲ ಕೊಂಡರೂ ಒಂದೇ ಚೀಲ ಹುರಿಸಿ. ಹಸಿ ಬೀಜ ಒಣ ಜಾಗದಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ತಿಂಗಳುಗಟ್ಟಲೆ ಕಾಯುತ್ತದೆ. ಪುಡಿ ಅಷ್ಟು ಕಾಯುವುದಿಲ್ಲ.